ಹಾಸು ಎತ್ತಿ ನೋಡಿ

ಮಡಿಕೇರಿಯ ಸುತ್ತಮುತ್ತ ಹೋಂಸ್ಟೇ ನಡೆಸುವವರಿಗೆ, ಗುಡ್ಡ ಕಡಿದು ಮನೆ ಕಟ್ಟಿ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿಕೊಂಡವರಿಗೆ ಈ ಮಾತು. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ನೀವು ಮಾಡಿಸುವ ಕೆಲಸಕ್ಕೆ ರಿಪೇರಿ ಎಂಬ ಹೆಸರು ಸಲ್ಲದು. ಬಿಟ್ಟುಕೊಂಡ ಜಾಯಿಂಟಿಗೆ ಗಮ್ ಸುರಿದು, ಮೇಲೆ ನಾಲ್ಕು ಇಟ್ಟಿಗೆ ಹೇರಿ, ದಸರಾ ರಜೆಗೆ ಅತಿಥಿಗಳು ಬರುವಷ್ಟರಲ್ಲಿ ಫೋಟೊದಲ್ಲಿ ಹಸಿರು ಕಂಡರೆ ಆಯಿತು ಎಂದುಕೊಳ್ಳುತ್ತೀರಿ. ಮುಂದಿನ ಆಷಾಢಕ್ಕೆ ಅದೇ ಜಾಗ ಬಾಯಿ ಬಿಡುತ್ತದೆ. ಆಗ ಹುಲ್ಲು ಮಾರಿದವನ ಮೇಲೆ ಸಿಟ್ಟು.

ಹೆಚ್ಚಿನ ಕಡೆ ಹುಲ್ಲು ಕೆಟ್ಟಿರುವುದಿಲ್ಲ, ಕೆಳಗಿನ ನೆಲ ಕೂತಿರುತ್ತದೆ. ಹಾಸಿನ ಬೆನ್ನಿನಲ್ಲಿ ನೀರಿಳಿಯಲು ತೂತುಗಳಿವೆ. ಆ ನೀರು ಜಲ್ಲಿಯ ಪದರಕ್ಕಿಳಿದು, ಅಲ್ಲಿಂದ ಬಸಿಗಾಲುವೆ ಸೇರಬೇಕು. ನೀವೋ ಖರ್ಚು ಉಳಿಸಲು ಗುಡ್ಡ ಕಡಿದ ಮಣ್ಣನ್ನೇ ಮುಂದಕ್ಕೆ ತಳ್ಳಿ, ಒಮ್ಮೆ ರೋಲರ್ ಆಡಿಸಿ, ಅದರ ಮೇಲೆ ಹಾಸಿಬಿಟ್ಟಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ನಿಮಗೆ ಗೊತ್ತಿಲ್ಲದ್ದೇ? ಸಿಲ್ವರ್ ಓಕ್ ಎಲೆಯ ಪುಡಿ, ಪಾಚಿ ಸೇರಿ ತೂತು ಕಟ್ಟುತ್ತದೆ. ಅಂಚಿನಿಂದ ಒಳನುಗ್ಗಿದ ನೀರು ನುಣ್ಣನೆಯ ಮಣ್ಣನ್ನು ಕೊಚ್ಚಿಕೊಂಡು ಹೋಗಿ ಅಡಿಯಲ್ಲಿ ಪೊಳ್ಳು ಮಾಡುತ್ತದೆ. ಹಾಸು ಕುಸಿದು, ಜಾಯಿಂಟ್ ಜಗ್ಗಿ ಹರಿಯುತ್ತದೆ. ಅದಕ್ಕೆ ಗಮ್ ಹಚ್ಚುವುದು ಕೀವುಗಟ್ಟಿದ ಹುಣ್ಣಿಗೆ ಪೌಡರ್ ಬಳಿದಂತೆ.

ರಿಪೇರಿ ಎಂದರೆ ಹಾಸನ್ನು ಎತ್ತಬೇಕು. ಜಾಯಿಂಟ್ ಬಿಡಿಸಿ, ಎಳೆಗಳ ನಡುವೆ ತುಂಬಿದ ಮರಳು ಗುಡಿಸಿ ತೆಗೆದು, ಆ ಭಾಗವನ್ನು ಮಡಚಿಟ್ಟು, ಕೆಸರಾದ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ಅಗೆದು ಹೊರಹಾಕಬೇಕು. ಜಲ್ಲಿಯನ್ನು ಪದರ ಪದರವಾಗಿ ಹಾಕಿ, ಒಂದೊಂದು ಪದರವನ್ನೂ ದಮ್ಮಸು ಮಾಡಬೇಕು. ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಕೊಟ್ಟು, ನೀರು ಹೊರಹೋಗುವ ದಾರಿಯನ್ನು ಕಣ್ಣಾರೆ ನೋಡಬೇಕು. ತೇಪೆ ಹಾಕುವಾಗ ಅದೇ ರೋಲಿನಿಂದ ಉಳಿದ ತುಂಡು ಬೇಕು. ಎಳೆಗಳು ಹಳೆಯ ಹಾಸಿನ ಎಳೆಗಳು ವಾಲಿದ ದಿಕ್ಕಿಗೇ ವಾಲಬೇಕು. ಹಿಂಬದಿಯಿಂದ, ಹೊಲಿಗೆಯ ಸಾಲು ಹಿಡಿದು ಕತ್ತರಿಸಬೇಕು. ಇದಾವುದೂ ಬ್ರಹ್ಮವಿದ್ಯೆಯಲ್ಲ. ನಿಮ್ಮ ತೋಟದ ಚರಂಡಿ ಕಟ್ಟಿಕೊಂಡರೆ ಅದೇ ದಿನ ಆಳು ಕಳಿಸುವವರು ಅಂಗಳದ ನೀರನ್ನು ವರ್ಷಗಟ್ಟಲೆ ನೋಡಿಕೊಂಡು ಕೂರುತ್ತೀರಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

ಇನ್ನು ನಿಮ್ಮ ಕಾಲನಿರ್ಣಯ. ಸೆಪ್ಟೆಂಬರಿನಲ್ಲಿ ಎರಡು ದಿನ ಬಿಸಿಲು ಕಂಡಿತೆಂದು ಗಮ್ ತರಿಸುತ್ತೀರಿ. ಒದ್ದೆ ಮೇಲ್ಮೈಗೆ ಹಚ್ಚಿದ ಪಾಲಿಯುರಿಥೇನ್ ಗಮ್ ನೊರೆಯುಕ್ಕಿ ಪೊಳ್ಳಾಗುತ್ತದೆ, ಹಿಡಿಯುವುದಿಲ್ಲ. ಕಾಫಿ ಕೊಯ್ಲು ಮುಗಿದು, ಹೂಮಳೆ ಬೀಳುವ ಮೊದಲು ಸಿಗುವ ಒಣ ವಾರಗಳೇ ಈ ಕೆಲಸದ ಹೊತ್ತು. ಆಗ ಆಳುಗಳಿಗೆ ಬಿಡುವಿರುತ್ತದೆ, ನೆಲ ಒಣಗಿರುತ್ತದೆ. ಆದರೆ ಆಗ ಹುಲ್ಲೂ ಚೆನ್ನಾಗಿ ಕಾಣುವುದರಿಂದ ನಿಮಗೆ ನೆನಪೇ ಬರುವುದಿಲ್ಲ.

ಎತ್ತರದ ಬಿಸಿಲಿನ ಲೆಕ್ಕವೂ ಬೇರೆ. 1,000 ಮೀಟರ್ ಮೇಲೇರಿದರೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಮಡಿಕೇರಿ ಅದಕ್ಕಿಂತ ಎತ್ತರದಲ್ಲಿದೆ. ಹಳೆಯ ಹಾಸನ್ನು ಅಂಗೈಯಿಂದ ಉಜ್ಜಿದಾಗ ಹಸಿರು ಪುಡಿ ಉದುರಿದರೆ ಅದರ ಆಯಸ್ಸು ಮುಗಿದಿದೆ, ತೇಪೆಗೂ ಅರ್ಹವಲ್ಲ. ಆ ಪುಡಿ ತೋಡಿಗೆ ಇಳಿದು, ತೋಡಿನಿಂದ ಕಾವೇರಿಗೆ ಸೇರುವ ಪ್ಲಾಸ್ಟಿಕ್. ಆಟದ ಮೈದಾನದ ಹುಲ್ಲಿಗೆ ತುಂಬುವ ಪ್ಲಾಸ್ಟಿಕ್ ಕಾಳುಗಳ ಮಾರಾಟವನ್ನು ಎಂಟು ವರ್ಷಗಳಲ್ಲಿ ನಿಲ್ಲಿಸಲು ಐರೋಪ್ಯ ಒಕ್ಕೂಟ 2023ರಲ್ಲೇ ನಿಯಮ ಮಾಡಿತು. ಕಾವೇರಮ್ಮೆಗೆ ಕೈಮುಗಿಯುವ ನಾವು ಕಿತ್ತ ರೋಲನ್ನು ತೋಟದ ಮೂಲೆಯಲ್ಲಿ ಸುಡುತ್ತೇವೆ, ಇಲ್ಲವೇ ಕಣಿವೆಗೆ ಉರುಳಿಸುತ್ತೇವೆ. ಇದು ಅಕ್ಷಮ್ಯ.

ನನ್ನನ್ನು ನಿಜಕ್ಕೂ ಹೆದರಿಸುವುದು ಇನ್ನೊಂದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದ್ದನ್ನು ಕೊಡಗು ಕಂಡಿದೆ. ಮಳೆಯ ಜೊತೆಗೆ ಇಳಿಜಾರು ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣಗಳಲ್ಲಿ ಸೇರಿಸಿದರು. ಜಾರುವ ಗುಡ್ಡ ಅನೇಕ ಸಲ ಮೊದಲೇ ಸೂಚನೆ ಕೊಡುತ್ತದೆ: ನೆಲದಲ್ಲಿ ಬಿರುಕು, ವಾಲಿದ ತಡೆಗೋಡೆ, ಹಿಂದಿಲ್ಲದ ಕಡೆ ಒಸರುವ ನೀರು. ಬರಿಯ ಮಣ್ಣಿನ ಅಂಗಳದಲ್ಲಿ ಬಿರುಕು ಬಿಟ್ಟರೆ ಬೆಳಿಗ್ಗೆ ಕಸ ಗುಡಿಸುವವರ ಕಣ್ಣಿಗೇ ಬೀಳುತ್ತದೆ. ನಿಮ್ಮ ಅಂಗಳದಲ್ಲಿ ಅದು ಹಸಿರು ಹಾಸಿನಡಿ ಬೆಳೆಯುತ್ತಿರುತ್ತದೆ. ಕಣಿವೆಯಂಚಿನ ಜಾಯಿಂಟ್ ಪ್ರತಿ ವರ್ಷ ಅದೇ ಗೆರೆಯಲ್ಲಿ ಬಿಟ್ಟುಕೊಳ್ಳುತ್ತಿದ್ದರೆ ಅದನ್ನು ಬರಿಯ ಜಾಯಿಂಟಿನ ದೋಷ ಎಂದು ತಳ್ಳಿಹಾಕುವ ಧೈರ್ಯ ನಿಮಗೆ ಎಲ್ಲಿಂದ ಬಂತು? ಅದರ ಕೆಳಗಿನ ಕೋಣೆಗಳಲ್ಲಿ ದೂರದೂರಿನ ಮಕ್ಕಳು ಮಲಗುತ್ತಾರೆ.

ಈ ಬಾರಿ ಕೊಯ್ಲು ಮುಗಿದ ವಾರವೇ ಕಣಿವೆಯಂಚಿನ ಹಾಸನ್ನು ಪೂರ್ತಿ ಎತ್ತಿಸಿ. ಅಂಚಿಗೆ ಸಮಾನಾಂತರವಾಗಿ ಉದ್ದನೆಯ ಬಿರುಕು ಕಂಡರೆ ಜಲ್ಲಿ ತುಂಬಿ ಮುಚ್ಚಿಹಾಕಬೇಡಿ. ನೀರಿಳಿಯದಂತೆ ಟಾರ್ಪಾಲು ಹೊದಿಸಿ, ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರವನ್ನು ಬರೆದಿಡಿ, ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿ. ಪರಿಣತರು ಬಂದು ನೋಡಿ ಹೇಳುವವರೆಗೆ ಆ ಕೋಣೆಗಳ ಬುಕಿಂಗ್ ನಿಲ್ಲಿಸಿ.