ಮೆಣಸಿನಕಾಯಿ ಬೆಳೆಗೆ ತರಗಿನ ಹೊದಿಕೆ

ಶೀಳನೆರೆಯ ಸುತ್ತಣ ಸೀಮೆಯೂ ಸೇರಿದಂತೆ ಮಂಡ್ಯ ಜಿಲ್ಲೆಯ ಕಬ್ಬಿನ ಊರುಗಳಲ್ಲಿ, ಕಬ್ಬು ಕಡಿದ ಮೇಲೆ ಗದ್ದೆಯಲ್ಲುಳಿದ ತರಗಿಗೆ ಬೆಂಕಿಯಿಡುವ ವಾಡಿಕೆಯುಂಟು. ಹೀಗೆ ಸುಟ್ಟ ಒಕ್ಕಲೇ ಕೆಲವು ತಿಂಗಳಲ್ಲಿ ಮೆಣಸಿನಕಾಯಿ ತಾಕಿನ ಕಳೆ ಕೀಳಿಸಲು ಆಳುಗಳನ್ನು ಹುಡುಕಿಕೊಂಡು ಅಲೆಯುವುದೂ ಉಂಟು. ಸುಟ್ಟು ಬೂದಿಮಾಡಿದ ವಸ್ತುವೇ ಆ ಕಳೆಗೆ ಮದ್ದಾಗಿತ್ತೆಂಬುದನ್ನು ಗ್ರಾಮದ ಯಜಮಾನರೂ ಜಮೀನುದಾರರೂ ಮನಸ್ಸಿಗೆ ತಂದುಕೊಳ್ಳಬೇಕು.

ಇದು ಹೊಸ ಮಾತಲ್ಲ. ಮಲೆನಾಡಿನ ಶಿರಸಿ, ಸಾಗರಗಳ ತೋಟಿಗರು ಬೆಟ್ಟದ ಸೊಪ್ಪನ್ನೂ ದರಗನ್ನೂ ತಂದು ಅಡಕೆಮರ ಮತ್ತು ಕಾಳುಮೆಣಸಿನ ಬಳ್ಳಿಗಳ ಬುಡಕ್ಕೆ ಹರಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಬಯಲುಸೀಮೆಯಲ್ಲಿ ಅಂತಹ ಬೆಟ್ಟವಿಲ್ಲ. ಆದರೆ ಕಬ್ಬಿನ ತರಗಿದೆ, ತೆಂಗಿನ ಗರಿಯಿದೆ, ಹೊಂಗೆಯ ಸೊಪ್ಪಿದೆ.

ಮೆಣಸಿನ ಗಿಡವು ಮೊದಲಲ್ಲಿ ನಿಧಾನವಾಗಿ ಬೆಳೆಯುವುದು. ಸಾಲುಗಳ ನಡುವಣ ಬರಿಯ ನೆಲದಲ್ಲಿ ಕಳೆಯು ಅದನ್ನು ಮೀರಿ ಎದ್ದು ನೀರನ್ನೂ ಸಾರವನ್ನೂ ಕಸಿದುಕೊಳ್ಳುವುದು. ಸಣ್ಣ ಬೀಜದ ಕಳೆಗಳಲ್ಲಿ ಅನೇಕವು ಮೊಳೆಯಲು ಬೆಳಕನ್ನು ಬಯಸುವುವು. ಹೊದಿಕೆಯು ಆ ಬೆಳಕನ್ನು ತಡೆಯುವುದಲ್ಲದೆ, ನೆಲದ ತೇವವನ್ನೂ ಉಳಿಸುವುದು.

ಪೈರು ನಾಟಿಮಾಡಿ ಮೂರು ವಾರಗಳಾದ ಬಳಿಕ ಒಮ್ಮೆ ಚೆನ್ನಾಗಿ ಕಳೆ ತೆಗೆಸಿ, ನೀರು ಹಾಯಿಸಿ, ಸಾಲುಗಳ ನಡುವೆ ಮೂರು ಅಂಗುಲ ದಪ್ಪಕ್ಕೆ ತರಗನ್ನು ಹರಡತಕ್ಕದ್ದು. ಗಿಡದ ಬುಡದ ಸುತ್ತ ಎರಡು ಮೂರು ಅಂಗುಲ ಬಿಡದಿದ್ದಲ್ಲಿ ಕಾಂಡ ಕೊಳೆಯುವ ಭಯವುಂಟು. ಗುಂಟೆಗೆ ಸುಮಾರು 50 ಕಿಲೋ, ಅಂದರೆ ಎಕರೆಗೆ 2 ಟನ್ನು ಬೇಕಾಗುವುದು. ಒಂದು ಎಕರೆ ಕಬ್ಬಿನಿಂದ ಸಾಧಾರಣವಾಗಿ 3ರಿಂದ 4 ಟನ್ನು ತರಗು ದೊರೆಯುವುದರಿಂದ, ಅದನ್ನು ಹಣ ಕೊಟ್ಟು ತರಬೇಕಾಗಿಲ್ಲ.

ಕೂಳೆ ಕಬ್ಬು ಚಿಗುರಲು ಗದ್ದೆ ಚೊಕ್ಕಟವಾಗಬೇಕೆಂದು ಕೆಲವರು ಆಕ್ಷೇಪಿಸುವರು. ತರಗನ್ನು ಮೆಣಸಿನ ತಾಕಿಗೆ ಸಾಗಿಸಿದರೂ ಗದ್ದೆ ಚೊಕ್ಕಟವಾಗುವುದಷ್ಟೆ. ಸುಟ್ಟರೆ ಅದರಲ್ಲಿನ ಸಾರಜನಕದ ಬಹುಭಾಗ ಹೊಗೆಯೊಡನೆ ಹೋಗುವುದು. ಗಾಳಿ ತಿರುಗಿದರೆ ನೆರೆಯವನ ತೆಂಗೂ ಬೇಯುವುದು. ಸಾಗಣೆಯ ಕೂಲಿ ಇರುವುದು ನಿಜ. ಆದರೆ ಅದು ಒಂದೇ ಸಲದ ಖರ್ಚು.

ಹೊದಿಕೆಯೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವುದಿಲ್ಲ. ಕೊನ್ನಾರಿಗೆಡ್ಡೆಯೂ ಗರಿಕೆಯೂ ತರಗನ್ನು ಸೀಳಿಕೊಂಡು ಏಳುವುವು. ಅವನ್ನು ಮೊದಲೇ ಅಗೆದು ತೆಗೆಯಬೇಕು. ಗೆದ್ದಲಿರುವ ನೆಲದಲ್ಲಿ ಎಚ್ಚರ ಅಗತ್ಯ. ರಾಗಿಯ ಹುಲ್ಲನ್ನು ಇದಕ್ಕೆ ಬಳಸಕೂಡದು. ಅದು ದನಗಳ ಪಾಲು. ಬೀಜ ಕಟ್ಟಿದ ಕಸವನ್ನು ಹರಡಿದರೆ ಕಳೆಯನ್ನು ನಾವೇ ಬಿತ್ತಿದಂತೆ.

ಊರಿನ ಹಿರಿಯರು ಮಾಡಿದುದನ್ನು ಉಳಿದವರು ನೋಡಿ ಮಾಡುವರು. ಆದುದರಿಂದ ಪ್ರತಿ ಗ್ರಾಮದಲ್ಲಿಯೂ ಒಬ್ಬ ಯಜಮಾನರು ಈ ವರ್ಷ ಐದು ಗುಂಟೆಗೆ ಹೊದಿಕೆ ಹಾಕಿಸಿ, ಪಕ್ಕದ ಐದು ಗುಂಟೆಯನ್ನು ಹಾಗೆಯೇ ಬಿಟ್ಟು, ಎರಡರ ಕಳೆಕೂಲಿಯನ್ನೂ ಫಸಲನ್ನೂ ಲೆಕ್ಕವಿಡಲಿ. ಆ ಲೆಕ್ಕವು ಲಾಭವನ್ನು ತೋರಿಸಿದಲ್ಲಿ, ಮುಂದಿನ ಸುಗ್ಗಿಗೆ ತರಗಿಗೆ ಬೆಂಕಿಯಿಡುವ ಕೈ ತಾನಾಗಿಯೇ ಹಿಂದೆಗೆಯುವುದು.