ಹೊಸಾ ದಾರಕ್ಕ ಒಂದು ಹಳೇ ಚೆಂಡು

"ತೆಮಾರಿಗೆ ಜಪಾನದ ದಾರಾನ ಬೇಕಂತಲ್ರೀ, ಇಲ್ಲೀದು ನಡಿಯಂಗಿಲ್ಲಂತ?" ಅಂತ ಮೊನ್ನೆ ಹಿಂದಿನ ಓಣಿಯವರು ಕೇಳಿದ್ರು. ಫೋನಿನಾಗ ವಿಡಿಯೋ ನೋಡಿ ಆಶಾ ಆಗೇದ, ದಾರದ ರೇಟ್ ನೋಡಿ ಸುಮ್ಮನಾಗ್ಯಾರ. ನನ್ನ ಕೇಳಿದ್ರ, ಯಾವ ದಾರಾ ಬೇಕಾದ್ರೂ ಹಾಕಿ ನೋಡ್ರಿ ಅಂತೀನಿ. ಆದ್ರ ಗುರ್ತಿಲ್ಲದ ದಾರದಾಗ ಹಾಕಿದ ಮೊದಲನೇ ಚೆಂಡು ಯಾರಿಗೂ ಕೊಡಬ್ಯಾಡ್ರಿ. ಈ ಎರಡನೇ ಮಾತು ನಾ ತಪ್ಪು ಮಾಡಿ ಕಲ್ತದ್ದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ತೆಮಾರಿ ಅಂದ್ರ ಜಪಾನಿ ಭಾಷಾದಾಗ ಕೈಚೆಂಡು. ಹಿಂದ ಅಲ್ಲಿ ಹೆಂಗಸರು ಹಳೇ ಕಿಮೋನೋ ಅರಿವಿ, ಉಳದ ದಾರಾ ಸುತ್ತಿ ಮಕ್ಕಳಿಗೆ ಆಡಲಿಕ್ಕೆ ಮಾಡ್ತಿದ್ರು. ರಬ್ಬರ್ ಚೆಂಡು ಬಂದ ಮ್ಯಾಲೆ ಆಡೂದು ಕಡಿಮಿ ಆತು, ಅಲಂಕಾರಕ್ಕ, ಉಡುಗೊರಿಗೆ ಉಳೀತು. ಎಲ್ಲಾ ಊರಾಗೂ ಒಂದಽ ಥರಾ ಇಲ್ಲ. ಶಿಕೋಕು ದ್ವೀಪದ ಕಾಗಾವಾದಾಗ (ಅದರ ಹಳೇ ಹೆಸರು ಸನುಕಿ) ನಡುವ ಭತ್ತದ ಹೊಟ್ಟು ಇಟ್ಟು, ಗಿಡಗಳ ಬಣ್ಣಾ ಹಾಕಿದ ಹತ್ತಿ ದಾರಾ ಬಳಸ್ತಾರ. ಆ ಸೀಮಿ ಹಿಂದ ಹತ್ತಿಗೆ ಹೆಸರಾಗಿತ್ತು. ಅಕಿತಾ ಕಡೆ ಹೊಂಜೋದಾಗ ಚೆಂಡಿಗೆ ಮೂರು ಕಡೆ ಗೊಂಡೆ ಕಟ್ತಾರ. ಅವರೆಲ್ಲಾ ತಮ್ಮ ಕೈಗೆ ಸಿಕ್ಕ ದಾರದಾಗ ಮಾಡ್ಯಾರ, ಹಂಗಿದ್ದಾಗ ನಾವು "ಅಸಲಿ ದಾರಾ ಇಲ್ಲ" ಅಂತ ಸೂಜಿ ಕೆಳಗ ಇಡೂದು ಯಾಕ? ಜಪಾನದ ಹೊರಗ ಭಾಳ ಮಂದಿ 5 ನಂಬರಿನ ಪರ್ಲ್ ಕಾಟನ್‌ನಾಗ ಹಾಕ್ತಾರ. ಅದು ನಮ್ಮ ಪೇಟ್ಯಾಗೂ ಸಿಗ್ತದ.

ಆದ್ರ ದಾರಾ ದಾರಕ್ಕ ಫರಕ್ ಅದ. ನಮ್ಮ ಕಸೂತಿಯೊಳಗ ಅರಿವಿ ಎಳಿ ಎಣಿಸಿ ಹಾಕ್ತೀವಿ, ದಾರಾ ಹಿಂದ ಮುಂದ ಹೋಗಿ ಅರಿವಿಯೊಳಗ ಕೂತು ಬಿಡ್ತದ. ತೆಮಾರಿಯೊಳಗ ಹಂಗಿಲ್ಲ. ಚೆಂಡಿನ ಮ್ಯಾಲೆ ಸುತ್ತಿದ ಸಣ್ಣ ದಾರದಾಗ ಸೂಜಿ ಒಂಚೂರು ಮಾತ್ರ ಕಚ್ಚತದ, ಉಳದದ್ದೆಲ್ಲಾ ಉದ್ದಕ ಮ್ಯಾಲೇ ಬಿದ್ದಿರ್ತದ. ತುದಿ ಸೈತ ಚೆಂಡಿನೊಳಗ ಹೊಗಿಸಿ ಕತ್ತರಿಸಿ ಬಿಡೂದು. ಅದನ್ನ ಹಿಡದಿಡೂದು ನಾವು ಎಳದ ಬಿಗಿ ಮತ್ತ ಆ ಸುತ್ತಿನ ಹಿಡಿತ, ಇಷ್ಟಽ. ಜಾರೋ ದಾರಾ ಇದ್ರ ನಿಲ್ಲಂಗಿಲ್ಲ.

ಇದು ತಿಳೀಲಾರದ ನಾ ಮಿಂಚೋ ರೇಯಾನ್ ದಾರದಾಗ ಎರಡು ಸೇವಂತಿ ಹೂವಿನ ಚೆಂಡು ಹಾಕಿದೆ. ಆ ನಮೂನಿಗೆ ಅವರು ಕಿಕು ಅಂತಾರ. ಒಂದು ಕಪಾಟಿನಾಗ ಇಟ್ಟೆ, ಒಂದು ತಂಗಿ ಮೊಮ್ಮಗಳಿಗೆ ಕೊಟ್ಟೆ. ಎಂಟು ದಿನಕ್ಕ ಅದರ ಎಸಳು ಸಡಲಾಗಿ ಒಂದು ಕಡೆ ಜಾರಿದ್ವು. ನಾಕು ಮಂದಿ ಮುಂದ ನಾ ಏನಂದೆ? "ಕೂಸು ಉಗುರಿಲೆ ಎಳದದ" ಅಂದೆ. ಅದರವ್ವ ಬೈದ್ಲು. "ನಾ ಎಳದಿಲ್ಲ ಅಜ್ಜಿ" ಅಂತು ಕೂಸು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಮನಿಗೆ ಬಂದು ಕಪಾಟು ತಗದು ನೋಡಿದ್ರ, ಯಾರೂ ಮುಟ್ಟಲಾರದ ಆ ಚೆಂಡೂ ಹಂಗಽ ಜಾರಿತ್ತು. ಈಗ ಆ ಕೂಸು ನಮ್ಮನಿಗೆ ಬಂದ್ರ ಎರಡೂ ಕೈ ಹಿಂದ ಕಟ್ಟಿಕೊಂಡು ನಿಂತಿರ್ತದ. ನೋಡಿದಾಗೆಲ್ಲಾ ನನ್ನ ಹೊಟ್ಯಾಗ ಕಲಸಿದಂಗ ಆಗ್ತದ.

ಅದಕ್ಕ ಈಗ ಒಂದು ಹಳೇ ಚೆಂಡು ಬ್ಯಾರೇ ಇಟ್ಟೇನಿ. ಹೊಸಾ ದಾರಾ ಬಂದ್ರ ಮೊದಲ ಅದರ ಮ್ಯಾಲೆ ನಾಕು ಸಾಲು ಹಾಕಿ, ಹೆಬ್ಬಟ್ಟಿಲೆ ತಿಕ್ಕಿ, 15 ದಿನ ಬಿಡ್ತೀನಿ. ಹತ್ತಿ ಗಟ್ಟಿ ಕೂಡ್ತದ. 8 ನಂಬರಿನ ದಾರಾ 5ಕ್ಕಿಂತ ಸಣ್ಣದು, ಎಸಳು ತುಂಬಲಿಕ್ಕೆ ಹೆಚ್ಚು ಸಾಲು ಬೇಕು. ಆರೆಳಿ ದಾರಾ ಚಪ್ಪಟಿ ಕೂತು ಛಂದ ಕಾಣ್ತದ, ಆದ್ರ ಎಳಿ ಬ್ಯಾರೆ ಬ್ಯಾರೆ ಆಗ್ತಾವು. ಜರಿ ದಾರದ ತುದಿ ಬಿಚ್ಚತದ, ಗಿಡ್ಡ ತುಂಡು, ದೊಡ್ಡ ಕಣ್ಣಿನ ಸೂಜಿ ತಗೊಂಡ್ರ ಪಾಡು. ಉಣ್ಣಿ ದಾರದಾಗ ಗೆರಿ ಮಸುಕಾಗ್ತದ. ರೇಷ್ಮಿ ಅಂತೂ ಭಾಂಡೆ ತಿಕ್ಕಿದ ನಮ್ಮ ಕೈಗೆ ಸಿಕ್ಕೊಂಡು ಎಳಿ ಏಳ್ತದ. ರಾತ್ರಿ ಕೈಗೆ ಕೊಬ್ಬರಿ ಎಣ್ಣಿ ಹಚ್ಚಿ, ಮುಂಜಾನೆ ತೊಳದು ಹಿಡೀರಿ. ರೇಯಾನ್ ನಾ ಒಗದಿಲ್ಲ, ಗಿಡ್ಡ ಗಿಡ್ಡ ಹೊಲಿಗಿ ಬರೋ ಜಾಗಾದಾಗ ಹಾಕ್ತೀನಿ.

"ಒಂದು ಚೆಂಡು ದಂಡ ಅಲ್ಲಾ?" ಅಂತೀರಿ. ನನಗ ಹಂಗ ಅನಸಂಗಿಲ್ಲ. ತಪ್ಪು ಮಾಡಲಿಕ್ಕೆ ಮನ್ಯಾಗ ಒಂದು ಜಾಗಾ ಇದ್ರ, ಅದನ್ನ ಬ್ಯಾರೆಯವರ ತಲಿಗೆ ಕಟ್ಟೋ ಪ್ರಸಂಗ ಬರಂಗಿಲ್ಲ.

ಮುಂದಿನ ತಿಂಗಳು ಕೂಸು ಬರೂದದ. ಹತ್ತಿ ದಾರದಾಗ ಹೊಸಾ ಚೆಂಡು ಹಾಕಿ ಇಟ್ಟೇನಿ. ಅದನ್ನ ಕೈಗೆ ಕೊಡೋಕಿಂತ ಮೊದಲ, ಅವತ್ತಿದ್ದ ನಾಕು ಮಂದಿ ಮುಂದಽ, "ನೀ ಎಳದಿದ್ದಿಲ್ಲವಾ, ದಾರಾನ ಜಾರಿತ್ತು, ಅಜ್ಜಿದು ತಪ್ಪು" ಅಂತ ಹೇಳಬೇಕಂತ ಮಾಡೇನಿ. ಅವತ್ತಿದ್ದವರು ಇದನ್ನ ಓದ್ತಿದ್ರ, ಚಹಾಕ್ಕ ಬರ್ರಿ.