ಜಿಡ್ಡಿನ ಕೂದಲಿಗೆ ಮನೆಯ ಹಿಟ್ಟೇ ಸಾಕು

ಗುರುಮಠಕಲ್ ಸೀಮೆಯ ಬೇಸಿಗೆಯಲ್ಲಿ ಬೆವರು, ಧೂಳುಗಳಿಂದ ಕೂದಲು ಬೇಗನೆ ಜಿಡ್ಡಾಗುತ್ತದೆ. ಹಾಸಿಗೆ ಹಿಡಿದವರಿಗೆ ಪದೇ ಪದೇ ತಲೆಗೆ ನೀರೆರೆಯುವುದು ಕಷ್ಟಸಾಧ್ಯ. ಇಂಥವರಿಗೆ ಒಣ ಶಾಂಪೂ ಉಪಯುಕ್ತವೇ ಸರಿ. ಆದರೆ ಪೇಟೆಯ ಸ್ಪ್ರೇ ಡಬ್ಬಿಯೇ ಬೇಕೆಂಬುದನ್ನು ಒಪ್ಪಲಾಗದು. 2022ರ ಅಕ್ಟೋಬರಿನಲ್ಲಿ ಯೂನಿಲಿವರ್ ಸಂಸ್ಥೆಯು, ಕ್ಯಾನ್ಸರ್‌ಕಾರಕ ಬೆಂಜೀನ್ ಇರಬಹುದೆಂಬ ಕಾರಣದಿಂದ, ಅಮೆರಿಕದಲ್ಲಿ ತನ್ನ ಕೆಲವು ಒಣ ಶಾಂಪೂ ಸ್ಪ್ರೇಗಳನ್ನು ಹಿಂಪಡೆಯಿತು.

ಜಿಡ್ಡನ್ನು ಹೀರುವುದು ಪಿಷ್ಟ. ಅದು ಅಕ್ಕಿಹಿಟ್ಟಿನಲ್ಲಿಯೇ ಇದೆ. ತೆಳುಬಟ್ಟೆಯಲ್ಲಿ ಸೋಸಿದ ಎರಡು ಚಮಚ ಹಿಟ್ಟನ್ನು ಒಣಗಿದ ಕೂದಲ ಬುಡಕ್ಕೆ ಸವರಿ, 10 ನಿಮಿಷಗಳ ಬಳಿಕ ಬಾಚಿ ಪೂರ್ತಿಯಾಗಿ ಉದುರಿಸಬೇಕು. ಕಣ್ಣು, ಮೂಗಿಗೆ ಬೀಳದಂತೆ ನೋಡಿಕೊಳ್ಳಬೇಕು. ಉಬ್ಬಸವುಳ್ಳವರಿಗೆ, ನೆತ್ತಿಯಲ್ಲಿ ಹುಣ್ಣಿದ್ದವರಿಗೆ ಇದು ಸಲ್ಲದು.

ಹಿಟ್ಟು ಜಿಡ್ಡನ್ನು ಹೀರುತ್ತದೆಯೇ ಹೊರತು ಕೊಳೆಯನ್ನು ತೊಳೆಯದು. ಇದು ಎರಡು ಸ್ನಾನಗಳ ನಡುವಿನ ಆಸರೆ ಮಾತ್ರ, ಸ್ನಾನಕ್ಕೆ ಪರ್ಯಾಯವಲ್ಲವೆಂಬುದನ್ನು ಸದ್ಭಕ್ತರು ಮರೆಯಬಾರದು.